ಸಮುರಾಯ್‌ಗೂ ಕಿವಿ ಕೆರೆಯುತ್ತದೆ

ಮೊನ್ನೆ ಆಫೀಸಿನಲ್ಲಿ ಟ್ರೈನಿಂಗ್ ಅಂತ ಕೂರಿಸಿದ್ದರು. ಬಂದಿದ್ದ ಮಹಾಶಯರು ಪರದೆಯ ಮೇಲೆ ಜಪಾನಿನ ಕತ್ತಿಯೊಂದನ್ನು ತೋರಿಸಿ, ಸಮುರಾಯ್‌ಗಳ ಹಾಗೆ ಏಕಾಗ್ರತೆಯಿಂದ ಕೆಲಸ ಮಾಡಿ ಎಂದು ಊಟದ ಹೊತ್ತಿನವರೆಗೂ ಕೊರೆದರು. ಎಡೋ ಕಾಲದ, ಅಂದರೆ 17ರಿಂದ 19ನೇ ಶತಮಾನದ ನಡುವಿನ ನೆಮ್ಮದಿಯ ಕಾಲದ ಸಮುರಾಯ್‌ಗಳಲ್ಲಿ ಎಷ್ಟೋ ಜನ ಯುದ್ಧವನ್ನೇ ಕಂಡವರಲ್ಲ, ನಮ್ಮ ಹಾಗೆ ಕೂತು ಲೆಕ್ಕ ಬರೆಯುತ್ತಿದ್ದವರು, ಕತ್ತಿ ಅವರಿಗೆ ಕುತ್ತಿಗೆಯ ಐಡಿ ಕಾರ್ಡ್ ಇದ್ದ ಹಾಗೆ. ಇದನ್ನು ಹೇಳಲು ಹೋಗಲಿಲ್ಲ. ನನ್ನ ಕಣ್ಣು ಬೇರೆಲ್ಲೋ ಇತ್ತು. ಒರೆಯ ಬಾಯಿಯ ಪಕ್ಕ ಒಂದು ಸಣ್ಣ ಲೋಹದ ಕಡ್ಡಿ ಇಣುಕುತ್ತಿತ್ತು.

ಕತ್ತಿ ಅಂದ ಕೂಡಲೇ ಎಲ್ಲರೂ ಅಲಗನ್ನೇ ಹೊಗಳುತ್ತಾರೆ. ಅದನ್ನು ಹಿಡಿದಿಟ್ಟ ಲೋಹದ ಚೂರುಗಳನ್ನು ಕೇಳುವವರಿಲ್ಲ. ಹಿಡಿಯ ಮುಂದೆ ತ್ಸುಬಾ ಎಂಬ ಬಿಲ್ಲೆ, ಕೈ ಅಲಗಿನ ಮೇಲೆ ಜಾರದಿರಲಿ ಅಂತ. ಅದರ ಎರಡೂ ಪಕ್ಕಕ್ಕೆ ಸೆಪ್ಪಾ ಎಂಬ ತೆಳ್ಳಗಿನ ವಾಷರ್. ಅಲಗಿನ ಬುಡಕ್ಕೆ ಹಬಾಕಿ ಎಂಬ ತಾಮ್ರದ ಪಟ್ಟಿ. ಒರೆಯ ಬಾಯಿಯಲ್ಲಿ ಬಿಗಿಯಾಗಿ ಕೂರುವುದು ಈ ಹಬಾಕಿಯೇ, ಹಾಗಾಗಿ ಅಲಗು ಒಳಗಿನ ಮರಕ್ಕೆ ತಾಗುವುದಿಲ್ಲ, ಬಗ್ಗಿದರೆ ಕತ್ತಿ ಜಾರಿ ಬೀಳುವುದೂ ಇಲ್ಲ. ಹಿರಿಯುವ ಮುಂಚೆ ಎಡಗೈ ಹೆಬ್ಬೆರಳಿನಿಂದ ತ್ಸುಬಾವನ್ನು ಒಂಚೂರು ಮುಂದಕ್ಕೆ ನೂಕಬೇಕು, ಆಗ ಬಿಗಿ ಬಿಡುತ್ತದೆ. ಸಿನಿಮಾದವರು ಮಾತ್ರ ಕತ್ತಿ ಎಳೆದರೆ ‘ಸ್ರ್ರಿಂಗ್’, ಸುಮ್ನೆ ಎತ್ತಿದರೂ ‘ಖಣ್’ ಅನ್ನಿಸುತ್ತಾರೆ. ಮರದ ಒರೆಯಿಂದ ಉಕ್ಕು ಹೊರಬಂದರೆ ಆ ಸದ್ದು ಎಲ್ಲಿಂದ ಬರಬೇಕು? ಎತ್ತಿದ ಕತ್ತಿ ಗಲಗಲ ಅಂದರೆ ಸೆಪ್ಪಾ ಸಡಿಲ ಆಗಿದೆ, ರಿಪೇರಿಗೆ ಕೊಡಬೇಕು ಅಂತ ಅರ್ಥ. ಮನೆಯಲ್ಲಿ ಇದನ್ನು ಹೇಳಿದರೆ ರಿಮೋಟ್ ಕಿತ್ಕೊಳ್ತಾರೆ.

ಇರಲಿ, ಆ ಕಡ್ಡಿಯ ಹೆಸರು ಕೋಗೈ. ಒರೆಯ ಒಂದು ಮಗ್ಗುಲಿಗೆ ಕಿರುಚಾಕು, ಇನ್ನೊಂದಕ್ಕೆ ಕೋಗೈ. ಕತ್ತಿ ಹಿರಿಯದೆಯೇ ಇವನ್ನು ಎಳೆದುಕೊಳ್ಳಲಿ ಅಂತ ತ್ಸುಬಾದಲ್ಲಿ ಎರಡು ತೂತು ಬೇರೆ. ಕೋಗೈ ಇದ್ದದ್ದು ಜುಟ್ಟು ಸರಿಮಾಡಿಕೊಳ್ಳಲು. ಅದರ ಹಿಡಿಯ ಮೇಲ್ತುದಿಯಲ್ಲಿ ಒಂದು ಪುಟಾಣಿ ಚಮಚ ಇರುತ್ತದೆ, ಅದು ಕಿವಿಯ ಗುಗ್ಗೆ ತೆಗೆಯಲು.

ಅಂದರೆ ನೋಡಿ, ಕತ್ತಿ ಸಮುರಾಯ್‌ನ ಆತ್ಮವಂತೆ, ಆತ್ಮದ ಪಕ್ಕದಲ್ಲೇ ಗುಗ್ಗೆ ಕಡ್ಡಿ! ಅದೂ ಎಂಥಾ ಕಡ್ಡಿ. ಇದನ್ನು ಮಾಡುವುದರಲ್ಲಿ ಹೆಸರಾದದ್ದು ಗೋಟೋ ಮನೆತನ. 15ನೇ ಶತಮಾನದಲ್ಲಿ ಜಪಾನಿನ ಸೇನಾ ಆಡಳಿತಗಾರ, ಅಂದರೆ ಶೋಗನ್ ಆಗಿದ್ದ ಅಶಿಕಾಗ ಯೋಶಿಮಾಸಾನ ಹತ್ತಿರ ಕೆಲಸಕ್ಕಿದ್ದ ಗೋಟೋ ಯೂಜೋನಿಂದ ಶುರುವಾಗಿ 17 ತಲೆಮಾರು ಇದೇ ಕಸುಬು. ತಾಮ್ರಕ್ಕೆ ಸ್ವಲ್ಪ ಚಿನ್ನ ಬೆರೆಸುತ್ತಿದ್ದರು, ಕೆತ್ತನೆ ಮುಗಿದ ಮೇಲೆ ದ್ರಾವಣದಲ್ಲಿ ಕುದಿಸಿದರೆ ಅದಕ್ಕೆ ನೀಲಿ ಹೊಳಪಿನ ಕಪ್ಪು ಬರುತ್ತಿತ್ತು. ಆ ಲೋಹದ ಮೇಲೆ ಮೀನಿನ ಮೊಟ್ಟೆಯಷ್ಟು ಸಣ್ಣ ಬೊಟ್ಟುಗಳನ್ನು ಒಂದೊಂದೇ ಹೊಡೆದು, ಸಾಲು ಒಂದಿಷ್ಟೂ ಸೊಟ್ಟಗಾಗದ ಹಾಗೆ ಜೋಡಿಸಿ, ನಡುವೆ ಚಿನ್ನದ ಡ್ರ್ಯಾಗನ್ ಕೂರಿಸುತ್ತಿದ್ದರು. ಇಷ್ಟೆಲ್ಲ ಮಾಡಿ ತುದಿಗೆ ಗುಗ್ಗೆ ಚಮಚ! ಕೆತ್ತುವವನಿಗೆ ನಗು ಬರಲಿಲ್ಲವೇ? ಬಂದಿರಲಿಕ್ಕಿಲ್ಲ. ಕಿವಿಯೊಳಗೆ ತಡೆಯಲಾರದ ಕೆರೆತ ಎದ್ದವನಿಗೆ ಅಲಗಿಗಿಂತ ಈ ಚಮಚವೇ ಜಾಸ್ತಿ ಬೇಕು. ಮಹಾಶಯರ ಏಕಾಗ್ರತೆಯೆಲ್ಲ ಆಗ ಎಲ್ಲಿರುತ್ತದೆ, ಹೇಳಿ.

1876ರಲ್ಲಿ ಮೇಜಿ ಸರ್ಕಾರ, ಅಂದರೆ ಶೋಗನ್‌ಗಳ ಆಳ್ವಿಕೆ ಮುಗಿದ ಮೇಲೆ ಬಂದ ಚಕ್ರವರ್ತಿಯ ಸರ್ಕಾರ, ಸೇನೆ, ಪೊಲೀಸರಂಥವರನ್ನು ಬಿಟ್ಟು ಉಳಿದವರು ಕತ್ತಿ ಕಟ್ಟಿಕೊಂಡು ಓಡಾಡುವ ಹಾಗಿಲ್ಲ ಎಂದಿತು. ಈ ಕುಸುರಿಯವರ ಪಾಡು ಕೆಟ್ಟಿತು, ಎಷ್ಟೋ ಜನ ಪರದೇಶಕ್ಕೆ ಕಳಿಸುವ ಹೂದಾನಿಗಳಿಗೆ ಕೈ ಹಾಕಿದರು. ಕಾನೋ ನಾತ್ಸುವೋ ಎಂಬ ಘಟಾನುಘಟಿಗೆ ಮಾತ್ರ ಅದಕ್ಕೂ ಮೊದಲೇ ಹೊಸ ನಾಣ್ಯಗಳಿಗೆ ಡ್ರ್ಯಾಗನ್ ಕೆತ್ತುವ ಕೆಲಸ ಸಿಕ್ಕಿತ್ತು. ಕೋಗೈಗಳು ಈಗ ಮ್ಯೂಸಿಯಮ್ಮುಗಳ ಗಾಜಿನ ಹಿಂದಿವೆ, ಯಾರ ಕಿವಿಗೂ ಸಿಗುವುದಿಲ್ಲ.

ನನ್ನ ಕಿವಿ ಡಾಕ್ಟರು ಬಡ್ಸ್ ಕೂಡ ಹಾಕಬೇಡಿ ಎಂದು ಗದರಿದ್ದಾರೆ. ಚಿನ್ನ ಬೆರೆಸಿದ ತಾಮ್ರದ್ದಾದರೆ ಪರವಾಗಿಲ್ವಾ ಸಾರ್ ಎಂದು ಕೇಳಿದೆ. ಅವರು ಬಾಗಿಲ ಕಡೆ ನೋಡಿ ‘ನೆಕ್ಸ್ಟ್’ ಎಂದರು.