ಕಂಟ್ರಿ ಹಾಡಿಗೆ ತಮಾಷೆ ಬೇಕಿತ್ತಾ?

ಕಮಾಂಡರ್ ಕೋಡಿ ಆ್ಯಂಡ್ ಹಿಸ್ ಲಾಸ್ಟ್ ಪ್ಲಾನೆಟ್ ಏರ್‌ಮೆನ್. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತವನ್ನು ರಾಕ್ ಜೊತೆ ಬೆರೆಸಿದ ಈ ತಂಡದ ಮೊದಲ ಆಲ್ಬಂ ‘ಲಾಸ್ಟ್ ಇನ್ ದಿ ಓಝೋನ್’ ಬಂದದ್ದು 1971ರಲ್ಲಿ. ತಮಾಷೆಗೇ ಹೆಸರಾದ ಆಲ್ಬಂ. ಆ ತಮಾಷೆ ಹಾಡುಗಳಿಗೆ ಒಳ್ಳೇದು ಮಾಡಿತಾ, ಕೆಡಿಸಿತಾ?

ಪರ

ಮೊದಲು ‘ಸೀಡ್ಸ್ ಆ್ಯಂಡ್ ಸ್ಟೆಮ್ಸ್’ ಕೇಳಿ. ನಾಯಿ ನಿನ್ನೆ ತಾನೇ ಸತ್ತಿದೆ. ಸಾಲ ಕೊಟ್ಟವರು ಬಂದು ಮನೆ ಕಿತ್ತುಕೊಂಡಿದ್ದಾರೆ. ಪ್ರೀತಿಸಿದವಳೂ ಬಿಟ್ಟು ಹೋಗಿದ್ದಾಳೆ. ಇಷ್ಟು ಸಾಲದು ಅಂತ ಗಾಂಜಾ ಕೂಡ ಮುಗಿದು ಬರೀ ಬೀಜ, ಕಡ್ಡಿ ಉಳಿದಿದೆ. ಇಲ್ಲಿ ಗಾಯಕ ಒಮ್ಮೆಯೂ ನಗುವುದಿಲ್ಲ. ಹಿಂದೆ ಪೆಡಲ್ ಸ್ಟೀಲ್ ಗಿಟಾರ್ ನಿಜವಾಗಿಯೇ ಅಳುತ್ತದೆ. ಕಂಟ್ರಿ ಸಂಗೀತದ ಗೋಳು ಹೇಗಿರುತ್ತದೆ ಅಂತ ಅರೆದು ಕುಡಿದವರಿಗೆ ಮಾತ್ರ ಇಂಥ ಅಣಕ ಸಾಧ್ಯ.

‘ಹಾಟ್ ರಾಡ್ ಲಿಂಕನ್’ ಕೂಡ ಹಾಗೇ. ಚಾರ್ಲಿ ರಯಾನ್ 1950ರ ದಶಕದಲ್ಲಿ ಹಾಡಿದ್ದ ಕಾರ್ ರೇಸಿನ ಕಥೆ. ಹುಡುಗ ಕಾರನ್ನು ಎಷ್ಟು ಜೋರಾಗಿ ಓಡಿಸುತ್ತಾನೆ ಅಂದರೆ, ಸಾಲಾಗಿ ನಿಂತ ಟೆಲಿಫೋನ್ ಕಂಬಗಳು ಒತ್ತೊತ್ತಾಗಿ ಬೇಲಿಯ ಥರ ಕಾಣುತ್ತವೆ. ಈ ಒಂದು ಸಾಲು ಸಾಕು, ವೇಗ ಕಣ್ಣಿಗೆ ಕಟ್ಟಲು. ಕಮಾಂಡರ್ ಕೋಡಿ, ಅಂದರೆ ಜಾರ್ಜ್ ಫ್ರೇನ್, ಇದನ್ನು ಹಾಡುವುದೇ ಇಲ್ಲ, ಗಡಗಡ ಮಾತಾಡಿಬಿಡುತ್ತಾನೆ. ತಂಡದವನೇ ಆದ ಬಿಲ್ ಕರ್ಚನ್‌ನ ಗಿಟಾರ್ ಅವನ ಬೆನ್ನು ಹತ್ತಿ ಓಡುತ್ತದೆ. 1972ರಲ್ಲಿ ಇದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 9ನೇ ಸ್ಥಾನಕ್ಕೆ ಹೋಯಿತು. ಉದ್ದ ಕೂದಲಿನ ರಾಕ್ ಹುಡುಗರಿಗೆ ಕಂಟ್ರಿ ಅಂದರೆ ಅಪ್ಪಂದಿರ ಸಂಗೀತ ಆಗಿದ್ದ ಕಾಲ ಅದು. ಅಂಥವರನ್ನು ಕಂಟ್ರಿಯ ಪಿಟೀಲಿನ ಮುಂದೆ ಕೂರಿಸಿದ್ದು ಉಪದೇಶ ಅಲ್ಲ, ನಗು. ನಗಿಸದೆ ಕರೆದಿದ್ದರೆ ಬರ್ತಿದ್ರಾ?

ವಿರೋಧ

ಬಂದರು, ನಿಜ. ಆದರೆ ಯಾವುದಕ್ಕೆ ಬಂದರು? ಈ ತಂಡದ ಮುಖ್ಯ ಗಾಯಕ ಬಿಲ್ಲಿ ಸಿ. ಫಾರ್ಲೋ. ಜನಕ್ಕೆ ನೆನಪಿರುವುದು ಮಾತ್ರ ಫ್ರೇನ್‌ನ ಆ ಗಡಗಡ ಮಾತು. ಬಿಲ್‌ಬೋರ್ಡ್ ಪಟ್ಟಿಯ ಮೊದಲ ಹತ್ತರೊಳಗೆ ಇವರ ಇನ್ನೊಂದು ಹಾಡು ಹೋಗಲೇ ಇಲ್ಲ. 1976ರ ಹೊತ್ತಿಗೆ ಮೂಲ ತಂಡವೇ ಒಡೆಯಿತು. ಅದಕ್ಕೆ ತಮಾಷೆಯೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಒಮ್ಮೆ ನಗಿಸಿದವನು ಪ್ರತಿ ಸಲವೂ ನಗಿಸಲಿ ಅಂತ ಜನ ಕಾಯುತ್ತಾರೆ.

ಇನ್ನೊಂದು ಮುಜುಗರವೂ ಇದೆ. ಫ್ರೇನ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಓದಿದವನು. ತಂಡ ಹುಟ್ಟಿದ್ದೂ ಅಲ್ಲೇ, ಆ್ಯನ್ ಆರ್ಬರ್‌ನಲ್ಲಿ. ಓದಿದ ಹುಡುಗರು ಸಾಲಕ್ಕೆ ಮನೆ ಹೋದವನ ಪಾತ್ರ ಹಾಕಿ ಹಾಡಿದರೆ, ಕೇಳುಗ ನಗುತ್ತಿರುವುದು ಯಾರನ್ನು ನೋಡಿ? ಮನೆ ಹೋದವರಿಗೆ ಅದು ಜೋಕ್ ಆಗಿರಲಿಲ್ಲ, ಅಲ್ವಾ?

ನನಗೆ ಜಾಸ್ತಿ ಬೇಜಾರಾಗುವುದು ಮಾತ್ರ ‘ಫ್ಯಾಮಿಲಿ ಬೈಬಲ್’ ವಿಷಯದಲ್ಲಿ. ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ ಕೈಯಲ್ಲಿ ಕಾಸಿಲ್ಲದಾಗ ಬರೀ 50 ಡಾಲರಿಗೆ ಮಾರಿಕೊಂಡ ಹಾಡು ಅದು. ಆಲ್ಬಂನಲ್ಲಿ ಗಾಂಜಾ ಹಾಡಾದ ಮೇಲೆ ನಡುವೆ ಒಂದೇ ಒಂದು ಹಾಡು, ಆಮೇಲೆ ಇದು. ಹಾಡಿನಲ್ಲಿ ಜೋಕ್ ಇಲ್ಲವೇ ಇಲ್ಲ. ದಿನದ ಕೆಲಸ ಮುಗಿದಿದೆ, ಊಟ ಆಗಿದೆ, ಅಪ್ಪ ಮಕ್ಕಳಿಗೆ ಬೈಬಲ್ ಓದಿ ಹೇಳುತ್ತಿದ್ದಾನೆ. ಮೊದಲ ಸಲ ಕೇಳಿದಾಗ ನಾನು ಆ ಅಪ್ಪನ ಮಾತಿಗೆ ಕಿವಿಯನ್ನೇ ಕೊಡಲಿಲ್ಲ. ನಗು ಬರುವ ಸಾಲು ಈಗ ಬರುತ್ತೆ, ಆಗ ಬರುತ್ತೆ ಅಂತ ಕಾಯುತ್ತಿದ್ದೆ. ಹಾಡು ಮುಗಿದೇ ಹೋಯಿತು.