ವಾಸನೆ ನೋಡಿದ ಹೂವು

ಇವತ್ತು ಬೆಳಿಗ್ಗೆ ಐದನೇ ಹೂವೂ ಹೋಯಿತು. ಕುಂಚ ಹಿಡಿದು ಕೂತರೆ ಹೂದಾನಿಯಲ್ಲಿ ಐದು ಬೋಳು ದೇಟು ನನ್ನನ್ನೇ ನೋಡುತ್ತಿದ್ದವು.

ಶನಿವಾರ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಅಲೆದು ಒಂಬತ್ತು ಚೆಂಡುಹೂವು ತಂದಿದ್ದೆ, ದೇಟಿನ ಸಮೇತ. ಹೂವಿನವಳಿಗೇ ಕನಿಕರ. "ದೇಟು ಏನ್ ಮಾಡ್ತೀರಿ? ಸುಮ್ನೆ ತೂಕ!"

ಇಟ್ಟದ್ದು ಮನೆಯ ಬಿದರಿ ಹೂದಾನಿಯಲ್ಲಿ. ಇಷ್ಟು ವರ್ಷ ಅದರಲ್ಲಿ ಇದ್ದದ್ದು ಊದಿನಕಡ್ಡಿ, ಕತ್ತರಿ, ಯಾವ ಬೀಗಕ್ಕೂ ಹೊಂದದ ಎರಡು ಕೀಲಿ. ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ತರುವ ಆ ಕಪ್ಪು ಇದೆಯಲ್ಲ, ಅದು ನನ್ನ ಟ್ಯೂಬಿನಿಂದ ಬರುವುದಿಲ್ಲ. ಬಳಿದರೆ ರೊಟ್ಟಿ ಹಂಚಿನ ತಳ ಆಗುತ್ತದೆ.

ಇರಲಿ, ಅದು ನನ್ನ ಕೈಯ ದೋಷ. ಹೂವಿನದು ಅವ್ವನ ಕೈ.

ನಮ್ಮ ಕಡೆ ಚಿತ್ರವನ್ನೂ 'ತೆಗೆ'ಯುತ್ತಾರೆ, ಹೂವನ್ನೂ 'ತೆಗೆ'ಯುತ್ತಾರೆ. ನಾನು ಮೊದಲನೆಯದು ಮಾಡುವಷ್ಟರಲ್ಲಿ ಅವ್ವ ಎರಡನೆಯದು ಮುಗಿಸಿರುತ್ತಾಳೆ. ದಿನಕ್ಕೆ ಒಂದೇ, ಬಹಳ ನಿಯತ್ತಿನಿಂದ. 1888ರಲ್ಲಿ ವ್ಯಾನ್ ಗೋ ಸೂರ್ಯಕಾಂತಿ ಬಿಡಿಸುವಾಗ, ಹೂವು ಬೇಗ ಬಾಡುತ್ತವೆ ಅಂತ ಸೂರ್ಯ ಹುಟ್ಟುವ ಹೊತ್ತಿಗೇ ಕೂರುತ್ತಿದ್ದನಂತೆ. ನಾನೂ ಹಾಗೇ ಎದ್ದು ನೋಡಿದೆ. ಅವ್ವ ಅದಕ್ಕಿಂತ ಮೊದಲೇ ಏಳುತ್ತಾಳೆ.

ಮಂಗಳವಾರ ಜಗಳಕ್ಕೆ ಹೋದೆ. ಅವ್ವ ತಿರುಗಿ ನನ್ನನ್ನೇ ಕೇಳಿದಳು: "ಇದರ ವಾಸನಿ ನೋಡಿಲ್ಲ ಹೌದಿಲ್ಲೋ?"

ಆಗ ತಲೆಗೆ ಹೊಳೆಯಿತು. ವಾಸನೆ ನೋಡಿದ ಹೂವು ದೇವರಿಗೆ ಏರಿಸುವುದಿಲ್ಲ ಅಲ್ವಾ! ನಿನ್ನೆ ರಾತ್ರಿ ಅವ್ವನ ಎದುರಿಗೇ ನಿಂತು, ಉಳಿದ ಐದಕ್ಕೂ ಮೂಗು ಒತ್ತಿ ಒಂದೊಂದಾಗಿ ಎಳೆದೆ. ಚೆಂಡುಹೂವಿನ ಘಾಟು ಗೊತ್ತಲ್ಲ. ಮೂರನೆಯದಕ್ಕೇ ಸೀನು ಹತ್ತಿತು. ಐದನೆಯದಕ್ಕೆ ಕಣ್ಣಲ್ಲಿ ನೀರು. ಎಳೆದೂ ಎಳೆದೂ ಮೂಗು ಹಳದಿ. ಅವ್ವ ಟಿವಿ ಸಣ್ಣ ಮಾಡಿ ನೋಡುತ್ತಿದ್ದಳು, ಏನೂ ಅನ್ನಲಿಲ್ಲ. ಗೆದ್ದೆ ಅಂದುಕೊಂಡು ಮಲಗಿದೆ.

ಬೆಳಿಗ್ಗೆ ಮತ್ತೊಂದು ದೇಟು ಬೋಳು.

"ಅವ್ವಾ! ಎಲ್ಲಾ ವಾಸನಿ ನೋಡೀನಲ್ಲ!"

"ದೇವ್ರಿಗಿ ನಡಿಯಂಗಿಲ್ಲ. ನಿಮ್ಮಪ್ಪಗ ನಡೀತದ."

ಅಪ್ಪನ ಫೋಟೋದ ಮೇಲೆ ಹೂವು ಸ್ವಲ್ಪ ವಾಲಿ ಕೂತಿತ್ತು. ಆ ಹೂದಾನಿ ಬೀದರ್‌ನಿಂದ ತಂದವರು ಅಪ್ಪನೇ. ಹೂವು ಇಡೋಣ ಅಂತಲೇ ತಂದಿದ್ದರು. ನಾವು ಕತ್ತರಿ ಇಟ್ಟೆವು.

ಸುಮ್ಮನೆ ಬಂದು ಕೂತೆ. ಹಿಂದೆಯೇ ಚಹಾ ಹಿಡಿದು ಬಂದ ಅವ್ವ ಚಿತ್ರ ನೋಡಿದಳು, ಹೂದಾನಿ ನೋಡಿದಳು, ಬೆರಳಲ್ಲಿ ಎಣಿಸಿದಳು.

"ಅಲ್ಲಿ ನಾಕೇ ಅದಾವ. ನೀ ಒಂಬತ್ತು ತೆಗ್ದೀಯಲ್ಲೋ?"