ಇನ್ನೊಂದು ಕಾಗದ ಬೇಕಂತೆ!

ಫ್ರಾನ್ಸಿನ ಲಿಯೋನ್‌ಗೆ ಓದಲು ಹೊರಟಾಗ ಎಲ್ಲರದ್ದೂ ಒಂದೇ ಮಾತು, 'ಒಂದು ವರ್ಷ ಫ್ರೆಂಚ್ ಸಂಸ್ಕೃತಿಯಲ್ಲಿ ಮುಳುಗೆದ್ದು ಬಾ.' ಮುಳುಗಿದ್ದೇನೆ, ಕಾಗದಪತ್ರದಲ್ಲಿ! ಇವತ್ತು ಬಾಡಿಗೆ ಸಹಾಯಧನದ ಕಚೇರಿಯಿಂದ ಮತ್ತೆ ಪತ್ರ: ನಿಮ್ಮ ದೋಸಿಯೆ, ಅಂದರೆ ಅರ್ಜಿಯ ಕಡತ, ಅಪೂರ್ಣ. ಅದೂ ಅಂಚೆಯಲ್ಲಿ.

ಮನೆ ಕೇಳಿದರೆ ಬ್ಯಾಂಕ್ ಖಾತೆ ಎಲ್ಲಿ ಅಂತಾರೆ. ಖಾತೆ ಕೇಳಿದರೆ ಮನೆ ವಿಳಾಸದ ದಾಖಲೆ ಎಲ್ಲಿ ಅಂತಾರೆ. ನಾನೇನು ತ್ರಿಶಂಕುವೇ? ಜಾಮೀನುದಾರರು ಫ್ರಾನ್ಸಿನಲ್ಲೇ ದುಡಿಯುತ್ತಿರಬೇಕು ಅಂತ ಮನೆ ಮಾಲೀಕರ ಹಟ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ಮಾವ ಆಗಲ್ಲವಂತೆ!

ಸಹಾಯಧನಕ್ಕೆ ಜನನ ಪ್ರಮಾಣಪತ್ರವನ್ನು ಪ್ರಮಾಣ ಮಾಡಿದ ಅನುವಾದಕರಿಂದಲೇ ಫ್ರೆಂಚ್‌ಗೆ ಮಾಡಿಸಬೇಕಂತೆ. ಮಾಡಿಸಿದೆ. ಈಗ ತಕರಾರು ಹೆಸರಿನದು. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಯಾಕೆ? ನಮ್ಮಲ್ಲಿ ಇನಿಷಿಯಲ್ ಇರುತ್ತೆ ತಾಯಿ, ಊರಿನದೊಂದು, ಅಪ್ಪನದೊಂದು ಅಂತ ಹೇಗೆ ಬಿಡಿಸಿ ಹೇಳಲಿ? ಹೇಳೋಣವೆಂದು ಹೋದರೆ ಮಧ್ಯಾಹ್ನ ಊಟಕ್ಕೆಂದು ಕಚೇರಿ ಬಾಗಿಲು ಹಾಕಿರುತ್ತೆ. ಭಾನುವಾರ ಊರೇ ಮುಚ್ಚಿರುತ್ತೆ. ಆಗಸ್ಟ್‌ನಲ್ಲಂತೂ ಇಡೀ ದೇಶವೇ ರಜೆ ಹಾಕಿದ ಹಾಗೆ. ಇಷ್ಟರ ಮೇಲೆ, 'ಬೊಂಜೂರ್' ಅಂತ ನಮಸ್ಕಾರ ಹೇಳದೆ ಪ್ರಶ್ನೆ ಕೇಳಿದಿರೋ, ಕೌಂಟರಿನಲ್ಲಿ ಮುಖ ಊದಿಕೊಳ್ಳುತ್ತೆ.

ಅಮ್ಮ ಫೋನಿನಲ್ಲಿ ಕೇಳ್ತಾರೆ, 'ಐಫೆಲ್ ಟವರ್ ನೋಡಿದ್ಯಾ?' ಜೆರಾಕ್ಸ್ ಅಂಗಡಿಯಿಂದ ಅದು ಕಾಣಲ್ಲಮ್ಮಾ!